ಹಳೇ ಡ್ರಾಯರ್ ಬೀರು ಕೊಳ್ಳುವ ಮುಂಚೆ ಡ್ರಾಯರ್ ಎಳೆದು ಮಗುಚಿ ನೋಡಿ

ಹಳೇ ಮರದ ಸಾಮಾನು ಕೊಳ್ಳಲು ಬರುವವರಲ್ಲಿ ಹೆಚ್ಚಿನವರು ಒಂದೇ ರೀತಿ ಮಾಡುವುದನ್ನು ನೋಡಿದ್ದೇನೆ. ಎದುರಿಗೆ ನಿಲ್ಲುತ್ತಾರೆ, ಹಿತ್ತಾಳೆ ಹಿಡಿಕೆ ಸವರುತ್ತಾರೆ, ಹೊಳಪು ನೋಡುತ್ತಾರೆ, ಅಂಗಡಿಯವರು 'ಬ್ರಿಟಿಷರ ಕಾಲದ್ದು ಸಾರ್' ಅಂದದ್ದನ್ನು ನಂಬಿ ದುಡ್ಡು ಎಣಿಸುತ್ತಾರೆ. ಮನೆಗೆ ತಂದ ಮೇಲೆ ಬಡಗಿ ಕರೆಸಿ ಪೂರ್ತಿ ಉಜ್ಜಿಸಿಬಿಡುತ್ತಾರೆ. ಎರಡೂ ತಪ್ಪು. ಒಂದರ ಮೇಲೊಂದು ಡ್ರಾಯರ್ ಇರುವ ಆ ಇಂಗ್ಲಿಷ್ ಬೀರುವಿನ ವಯಸ್ಸು ತಿಳಿಯುವುದು ಯಾರೂ ಪಾಲಿಶ್ ಹಾಕದ ಜಾಗದಲ್ಲಿ. ಡ್ರಾಯರ್‌ನ ತಳ, ಪಕ್ಕ, ಬೆನ್ನು. ಅಲ್ಲಿ ನೋಡಲು ಬೇಕಾದದ್ದು ಒಂದು ಟಾರ್ಚ್, ಒಂದು ಟೇಪು, ಅಷ್ಟೇ.

1. ಮೊದಲು ದೂರ ನಿಂತು ಆಕಾರ ನೋಡಿ

ಇಂಗ್ಲೆಂಡಿನಲ್ಲಿ ಮೊದಲು ಇದ್ದದ್ದು ಮೇಲೆ ಮುಚ್ಚಳವಿರುವ ಪೆಟ್ಟಿಗೆ. ತಳದಲ್ಲಿರುವ ಬಟ್ಟೆ ಬೇಕಾದರೆ ಮೇಲಿನದ್ದೆಲ್ಲ ತೆಗೆಯಬೇಕಿತ್ತು. ಆ ರಗಳೆ ತಪ್ಪಿಸಲು ಕೆಳಗೆ ಒಂದು ಡ್ರಾಯರ್ ಸೇರಿಸಿದರು. 17ನೇ ಶತಮಾನದ ನಡುವಿನ ಹೊತ್ತಿಗೆ ಪೂರ್ತಿ ಡ್ರಾಯರ್‌ಗಳದ್ದೇ ಬೀರು ಬಂತು. ಆಗಿನವು ಓಕ್ ಮರದವು. ಮುಂಭಾಗದಲ್ಲಿ ಪಟ್ಟಿ ಬಡಿದು ಚೌಕ, ಕೋನಗಳ ವಿನ್ಯಾಸ. ಡ್ರಾಯರ್‌ನ ಪಕ್ಕದ ದಪ್ಪ ಹಲಗೆಯಲ್ಲಿ ಉದ್ದಕ್ಕೂ ತೋಡು ಕೊರೆದು, ಒಳಗೆ ಬಡಿದ ಪಟ್ಟಿಯ ಮೇಲೆ ಜಾರುವ ಹಾಗೆ ಮಾಡುತ್ತಿದ್ದರು.

1660ರಲ್ಲಿ ಎರಡನೇ ಚಾರ್ಲ್ಸ್ ಹೊರದೇಶದಿಂದ ಮರಳಿ ಬಂದು ಪಟ್ಟಕ್ಕೇರಿದ. ಡಚ್ಚರ, ಫ್ರೆಂಚರ ಅಭಿರುಚಿಯೂ ಜತೆಗೇ ಬಂತು. ವಾಲ್ನಟ್ ಮರದ ವಿನಿಯರ್ (ಬೇರೆ ಮರದ ಮೇಲೆ ಅಂಟಿಸುವ ತೆಳು ಹೊದಿಕೆ), ಉಂಡೆ ಕಾಲು, ನೇತಾಡುವ ಪುಟ್ಟ ಹಿಡಿಕೆ ಇವೆಲ್ಲ ಆಗಿನವು. 1721ರಲ್ಲಿ ಬ್ರಿಟನ್ ತನ್ನ ಅಮೆರಿಕ, ವೆಸ್ಟ್ ಇಂಡೀಸ್ ವಸಾಹತುಗಳ ಮರದ ಮೇಲಿನ ಆಮದು ಸುಂಕ ತೆಗೆದುಹಾಕಿದ ಮೇಲೆ ಮಹಾಗನಿ ಕಾಲ ಶುರುವಾಯಿತು. ಮೇಲೆ ಎರಡು ಗಿಡ್ಡ ಡ್ರಾಯರ್, ಕೆಳಗೆ ಮೂರು ಉದ್ದ ಡ್ರಾಯರ್, ಕೆಳಕ್ಕೆ ಹೋದಷ್ಟೂ ಎತ್ತರ ಜಾಸ್ತಿ: ನಾವು ಇವತ್ತು ಕಣ್ಣಿಗೆ ತಂದುಕೊಳ್ಳುವ ಬೀರು ಇದೇ. ಲಂಡನ್ನಿನ ಬಡಗಿ ಥಾಮಸ್ ಚಿಪೆಂಡೇಲ್ 1754ರಲ್ಲಿ ನಕ್ಷೆಗಳ ಪುಸ್ತಕ ಅಚ್ಚು ಹಾಕಿಸಿದ ಮೇಲೆ ಊರೂರಿನ ಬಡಗಿಗಳೂ ಆ ಮಾದರಿ ನೋಡಿ ಮಾಡತೊಡಗಿದರು. ಶತಮಾನದ ಕೊನೆಗೆ ಮುಂಭಾಗ ಬಿಲ್ಲಿನ ಹಾಗೆ ಬಾಗಿತು, ಕಾಲು ಹೊರಕ್ಕೆ ಚಾಚಿತು. ವಿಕ್ಟೋರಿಯಾ ಕಾಲದಲ್ಲಿ (1837–1901) ಬೀರು ದೊಡ್ಡದಾಯಿತು, ಹಿತ್ತಾಳೆ ಹಿಡಿಕೆಯ ಜಾಗದಲ್ಲಿ ಕಡೆದ ಮರದ ಗುಂಡಿ ಬಂತು.

ನನ್ನ ಕೇಳಿದರೆ, 1740ರಿಂದ 1780ರ ನಡುವಿನ ಸಾದಾ ಮಹಾಗನಿ ಬೀರುವೇ ಎಲ್ಲಕ್ಕಿಂತ ಚೆನ್ನ. ಕೆತ್ತನೆ ಇಲ್ಲ, ಆಡಂಬರ ಇಲ್ಲ, ಅಳತೆಯಲ್ಲೇ ಅಂದ.

ಆದರೆ ಆಕಾರ ನೋಡಿ ತೀರ್ಮಾನಕ್ಕೆ ಬರಬೇಡಿ. ಆಕಾರವನ್ನು ಯಾರು ಬೇಕಾದರೂ ನಕಲು ಮಾಡಬಹುದು.

2. ಡ್ರಾಯರ್ ಪೂರ್ತಿ ಹೊರಗೆಳೆಯಿರಿ

ಎಲ್ಲರೂ ಎಡವುವುದು ಇಲ್ಲೇ. ಅರ್ಧ ಎಳೆದು ಒಳಗೆ ಇಣುಕಿದರೆ ಏನೂ ಗೊತ್ತಾಗುವುದಿಲ್ಲ. ಒಂದೊಂದನ್ನೂ ಪೂರ್ತಿ ತೆಗೆದು ನೆಲದ ಮೇಲೆ ಸಾಲಾಗಿ ಮಗುಚಿಡಿ. ಅಂಗಡಿಯವರು ಬೇಡ ಅಂದರೆ ಆ ಅಂಗಡಿ ಬಿಟ್ಟು ಹೊರಡಿ.

ಮೊದಲು ಮೂಲೆಯ ಜೋಡಣೆ ನೋಡಿ. ಮುಂದಿನ ಹಲಗೆಗೂ ಪಕ್ಕದ ಹಲಗೆಗೂ ಹಲ್ಲಿಗೆ ಹಲ್ಲು ಕೂರಿಸಿದ ಜೋಡಣೆಗೆ ಬಡಗಿಗಳು ಡವ್‌ಟೇಲ್ ಅನ್ನುತ್ತಾರೆ. 17ನೇ ಶತಮಾನದ್ದಾದರೆ ಹಲ್ಲು ದೊಡ್ಡವು, ಒರಟು, ಎರಡೋ ಮೂರೋ ಇರುತ್ತವೆ, ಕೆಲವಕ್ಕೆ ಮೊಳೆಯೂ ಬಡಿದಿರುತ್ತದೆ. 18ನೇ ಶತಮಾನ ಮುಂದುವರಿದ ಹಾಗೆ ಕೆಲಸ ನಯವಾಗುತ್ತದೆ. ಅಗಲ ಹಲ್ಲುಗಳ ನಡುವೆ ತೀರ ಸಪೂರ ಹಲ್ಲು, ಒಂದರ ಹಾಗೆ ಇನ್ನೊಂದಿಲ್ಲ, ಹಲ್ಲಿನ ಬುಡದಲ್ಲಿ ಗುರುತಿಗೆ ಗೀರಿದ ಸಣ್ಣ ಗೆರೆ. ಎಲ್ಲ ಹಲ್ಲೂ ಒಂದೇ ಅಗಲ, ಒಂದೇ ಅಂತರ ಇದ್ದರೆ ಅದು ಯಂತ್ರದ್ದು, ಅಂದರೆ 19ನೇ ಶತಮಾನದ ಕೊನೆಯ ಭಾಗದ್ದು ಅಥವಾ ಇನ್ನೂ ಈಚಿನದ್ದು.

ಇಂಗ್ಲಿಷ್ ಪುಸ್ತಕ ಓದಿ ಬಂದವರು ನಮ್ಮ ದೇಶದಲ್ಲಿ ಮೋಸ ಹೋಗುವುದೂ ಇಲ್ಲೇ. ಕೈಯಲ್ಲಿ ಕತ್ತರಿಸಿದ ಹಲ್ಲು ಕಂಡ ಕೂಡಲೇ 'ಇನ್ನೂರು ವರ್ಷ' ಅಂದುಬಿಡುತ್ತಾರೆ. ನಮ್ಮ ಬಡಗಿಗಳು ಇವತ್ತಿಗೂ ಗರಗಸ, ಉಳಿ ಹಿಡಿದು ಅದೇ ಜೋಡಣೆ ಮಾಡುತ್ತಾರೆ, ಅಲ್ವಾ? ಹಾಗಾಗಿ ಯಂತ್ರದ ಹಲ್ಲು ಕಂಡರೆ ಹೆಚ್ಚು ಹಳೆಯದಲ್ಲ ಎಂದು ಹೇಳಬಹುದು, ಕೈ ಹಲ್ಲು ಕಂಡರೆ ಹಳೆಯದು ಎಂದು ಹೇಳಲು ಬರುವುದಿಲ್ಲ. ಬೇರೆ ಗುರುತುಗಳೂ ಜತೆಗೆ ಬೇಕು.

ತಳದ ಹಲಗೆಯ ಎಳೆ (ಮರದ ನಾರಿನ ಗೆರೆ) ಯಾವ ಕಡೆಗೆ ಓಡುತ್ತದೆ ನೋಡಿ. ಸುಮಾರು 1740ಕ್ಕೆ ಮುಂಚಿನ ಇಂಗ್ಲಿಷ್ ಡ್ರಾಯರ್‌ಗಳಲ್ಲಿ ಸಾಮಾನ್ಯವಾಗಿ ಎಳೆ ಮುಂದಿನಿಂದ ಹಿಂದಕ್ಕೆ ಇರುತ್ತದೆ, ಆಮೇಲಿನವುಗಳಲ್ಲಿ ಎಡದಿಂದ ಬಲಕ್ಕೆ. ಮರ ಕುಗ್ಗುವುದು ಎಳೆಗೆ ಅಡ್ಡಲಾಗಿ. ಆದ್ದರಿಂದ ಎಳೆ ಎಡದಿಂದ ಬಲಕ್ಕಿದ್ದರೆ ಕುಗ್ಗಿದ ತಳ ಮುಂದಿನ ಹಲಗೆಯಿಂದ ಬಿಟ್ಟುಕೊಂಡು ಅಲ್ಲಿ ಸಂದು ಕಾಣುತ್ತದೆ. ಆ ಸಂದು ದೋಷ ಅಲ್ಲ, ಒಳ್ಳೆಯ ಗುರುತು.

ಗರಗಸದ ಗೀರು ಹುಡುಕಿ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಎದ್ದು ಕಾಣುತ್ತದೆ. ನೇರ ಗೀರು ಕೈ ಗರಗಸದ್ದಿರಬಹುದು. ಕಮಾನಿನ ಹಾಗೆ ಬಾಗಿದ ಗೀರು ಇದ್ದರೆ ತಿರುಗುವ ಚಕ್ರ ಗರಗಸದ್ದು, ಹೆಚ್ಚಾಗಿ 19ನೇ ಶತಮಾನದಿಂದ ಈಚೆಗಿನದ್ದು.

ಬಣ್ಣ. ಹಳೇ ಡ್ರಾಯರ್‌ನ ತಳಕ್ಕೂ ಪಕ್ಕಕ್ಕೂ ಬಣ್ಣ ಬಳಿಯುತ್ತಿರಲಿಲ್ಲ. ಮರ ತಾನಾಗಿಯೇ ಒಣಗಿ ಬೂದುಗಂದು ಆಗಿರುತ್ತದೆ, ಅದೂ ಒಂದೇ ಸಮ ಅಲ್ಲ. ಗಾಳಿ, ಧೂಳು ತಾಗುವ ಕೆಳಗಿನ ಡ್ರಾಯರ್‌ನ ತಳ ಕಪ್ಪಾಗಿರುತ್ತದೆ, ಒಳಗೆ ಮುಚ್ಚಿಕೊಂಡಿದ್ದ ಮೇಲಿನವು ತಿಳಿಯಾಗಿರುತ್ತವೆ. ಎಲ್ಲ ಕಡೆ ಒಂದೇ ಕಂದು ಬಳಿದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಲೆಕ್ಕ.

ಕೊನೆಗೆ ಸವೆತ. ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಇದನ್ನೇ. ನೂರಾರು ವರ್ಷ ಎಳೆದು ತಳ್ಳಿದ ಡ್ರಾಯರ್‌ನಲ್ಲಿ ಪಕ್ಕದ ಹಲಗೆಯ ಕೆಳಗಿನ ಅಂಚು ಹಿಂಭಾಗದಲ್ಲಿ ಜಾಸ್ತಿ ಸವೆದಿರುತ್ತದೆ. ಅದು ಜಾರುವ ಪಟ್ಟಿ ಬೀರುವಿನ ಒಳಗಿದೆಯಲ್ಲ, ಅದು ಮುಂಭಾಗದಲ್ಲಿ ಜಾಸ್ತಿ ಸವೆದಿರುತ್ತದೆ. ಎರಡನ್ನೂ ಒಟ್ಟಿಗೆ ನೋಡಬೇಕು. ಡ್ರಾಯರ್ ಸವೆದು ಪಟ್ಟಿ ಹೊಸದಾಗಿದ್ದರೆ ರಿಪೇರಿ ಆಗಿದೆ, ಪರವಾಗಿಲ್ಲ. ಪಟ್ಟಿಯಲ್ಲಿ ಹಳ್ಳ ಬಿದ್ದು ಡ್ರಾಯರ್ ಮಾತ್ರ ಚೂಪು ಅಂಚಿನದ್ದಾದರೆ ಆ ಡ್ರಾಯರ್ ಆ ಬೀರುವಿನದ್ದೇ ಎಂದು ನಂಬಬೇಡಿ.

3. ಹಿಡಿಕೆ, ಬೀಗ, ಸ್ಕ್ರೂ

ಮುಂದಿನ ಹಲಗೆಯ ಒಳಬದಿ ನೋಡಿ. ಹಿಡಿಕೆ ಬದಲಾಗಿದ್ದರೆ ಹಳೇ ತೂತುಗಳನ್ನು ಬೆಣೆ ಹೊಡೆದು ಮುಚ್ಚಿದ ಗುರುತು ಇರುತ್ತದೆ. ಹಿಡಿಕೆ ಬದಲಾಗುವುದು ಮಾಮೂಲು, ಅದಕ್ಕೆ ಬೀರು ಬಿಡಬೇಡಿ, ಬೆಲೆ ಇಳಿಸಿ. ಆದರೆ ಹೊರಗೆ ತೂತಿನ ಗುರುತಿದ್ದು ಒಳಗೆ ಇಲ್ಲದಿದ್ದರೆ ಮುಂದಿನ ವಿನಿಯರ್ ಬೇರೆಲ್ಲಿಂದಲೋ ಬಂದದ್ದು.

ಬೀಗದ ಮೇಲೆ ಕಿರೀಟದ ಗುರುತಿನ ಜತೆ 'ವಿ.ಆರ್.' ಅಂತಿದ್ದರೆ ವಿಕ್ಟೋರಿಯಾ ರಾಣಿ ಕಾಲದ ಬೀಗ. ಬೀಗವನ್ನೂ ಬದಲಾಯಿಸುತ್ತಾರೆ ಅನ್ನುವುದು ನೆನಪಿರಲಿ. ಸ್ಕ್ರೂ ತುದಿ ಮೊಂಡಾಗಿದ್ದರೆ ಹೆಚ್ಚಾಗಿ 1850ಕ್ಕೆ ಹಿಂದಿನದ್ದು. ತಲೆಯಲ್ಲಿ ಪ್ಲಸ್ ಗುರುತು ಇದ್ದರೆ 1930ರ ದಶಕಕ್ಕಿಂತ ಹಿಂದಿನದ್ದಲ್ಲ.

4. ಕಾಲು, ಅಗಲ

ಬೀರುವನ್ನು ಹಿಂದಕ್ಕೆ ವಾಲಿಸಿ ತಳ ನೋಡಿ. ಇಬ್ಬರು ಬೇಕು. ಮುಂದಿನ ಮೂಲೆಗಳಲ್ಲಿ ದುಂಡು ತೂತು ಕಂಡರೆ ಒಂದು ಕಾಲದಲ್ಲಿ ಅಲ್ಲಿ ಉಂಡೆ ಕಾಲಿತ್ತು, ಈಗಿರುವ ಕಾಲು ಆಮೇಲೆ ಹಾಕಿದ್ದು. ಟೇಪು ಹಿಡಿಯಿರಿ. 90 ಸೆಂಟಿಮೀಟರಿಗಿಂತ ಕಡಿಮೆ ಅಗಲದ ಜಾರ್ಜಿಯನ್ (ಜಾರ್ಜ್ ಹೆಸರಿನ ರಾಜರ ಕಾಲದ, 1714–1830) ಬೀರುಗಳಿಗೆ ಬೇಡಿಕೆ ಜಾಸ್ತಿ. ಅದಕ್ಕೇ ದೊಡ್ಡವನ್ನು ಕತ್ತರಿಸಿ ಸಣ್ಣದು ಮಾಡುತ್ತಾರೆ. ಹಾಗೆ ಮಾಡಿದಾಗ ಬೀಗದ ತೂತಿನಿಂದ ಎರಡೂ ಹಿಡಿಕೆಗಳ ದೂರ ಸರಿಹೊಂದುವುದಿಲ್ಲ, ಒಂದು ಕಡೆಯ ಮೂಲೆ ಜೋಡಣೆ ಹೊಸದಾಗಿ ಕಾಣುತ್ತದೆ.

5. ನಮ್ಮ ಕಡೆ ಸಿಗುವುದು: ದಂಡಿನವರ ಬೀರು

ಭಾರತದಲ್ಲಿ ನಿಜವಾಗಿ ಓಡಾಡಿದ ಬೀರು ಇದು. ಸೇನಾಧಿಕಾರಿಗಳು ಊರಿಂದೂರಿಗೆ ಸಾಗಿಸಬೇಕಿತ್ತು. ಹಾಗಾಗಿ ಮೇಲೆ ಕೆಳಗೆ ಎರಡು ಭಾಗವಾಗಿ ಬಿಚ್ಚಿಕೊಳ್ಳುತ್ತದೆ, ಕಾಲುಗಳನ್ನು ತಿರುಗಿಸಿ ತೆಗೆಯಬಹುದು, ಮೂಲೆಗೆಲ್ಲ ಹಿತ್ತಾಳೆ, ಹಿಡಿಕೆ ಮರದೊಳಗೇ ಕೂತಿರುತ್ತದೆ. ಗಾಡಿಯಲ್ಲಿ ಹೇರುವಾಗ ಏನೂ ಸಿಕ್ಕಿಕೊಳ್ಳಬಾರದು, ಅದಕ್ಕೆ. ಇಂಗ್ಲೆಂಡಿನಿಂದ ಬಂದವು ಹೆಚ್ಚಾಗಿ ಮಹಾಗನಿ, ಇಲ್ಲಿ ಮಾಡಿದವು ತೇಗ, ಚೀನಾದವು ಕರ್ಪೂರದ ಮರ. ತೇಗಕ್ಕೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ, ಮಳೆಗಾಲದಲ್ಲಿ ಹೆಚ್ಚು ಉಬ್ಬುವುದಿಲ್ಲ. 1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಪಡೆ ಬೆಂಗಳೂರಿಗೆ ಬಂದು ದಂಡು ಪ್ರದೇಶ ಬೆಳೆದ ಮೇಲೆ ಇಂಥ ಸಾಮಾನಿಗೆ ಇಲ್ಲೂ ಬಳಕೆ ಇತ್ತು.

ನಕಲು ಬಹಳ. ಮಾಮೂಲಿ ಬೀರುವಿಗೆ ಹಿತ್ತಾಳೆ ಮೂಲೆ ಬಡಿದು ಮಾರುತ್ತಾರೆ. ಉಗುರಿನಿಂದ ಸವರಿ ನೋಡಿ: ಅಸಲಿಯಲ್ಲಿ ಹಿತ್ತಾಳೆ ಮರದ ಸಮಕ್ಕೆ ಕೂತಿರುತ್ತದೆ, ನಕಲಿಯಲ್ಲಿ ಮೇಲೆದ್ದಿರುತ್ತದೆ. ಎರಡು ಭಾಗ ಬೇರೆಯಾಗದಿದ್ದರೆ ಮುಂದೆ ಮಾತೇ ಬೇಡ. ಜೋಧ್‌ಪುರದಿಂದ ಬರುವ ಶೀಶಮ್, ಮಾವಿನ ಮರದ 'ಆ್ಯಂಟಿಕ್ ಲುಕ್' ಬೀರುಗಳು ಬೇರೆ. ಹೊಸದು ಅಂತ ಹೇಳಿ ಹೊಸದರ ಬೆಲೆಗೆ ಕೊಟ್ಟರೆ ಧಾರಾಳವಾಗಿ ತಗೊಳ್ಳಿ.

6. ಮನೆಗೆ ತಂದ ಮೇಲೆ

ಉಪ್ಪುಕಾಗದ ಹಿಡಿಯಬೇಡಿ. ಯಂತ್ರ ಹಿಡಿದು ಉಜ್ಜಲೇಬೇಡಿ. ಕೈಯಲ್ಲಿ ಗರಗಸ ಹಾಕಿ ಸೀಳಿದ ಹಳೇ ವಿನಿಯರ್ ಕೆಲವೇ ಮಿಲಿಮೀಟರ್ ದಪ್ಪ, ಆಮೇಲಿನ ಕಾಲದ್ದು ಇನ್ನೂ ತೆಳು. ಉಜ್ಜುತ್ತಾ ಹೋದರೆ ಒಳಗಿನ ಮರವೇ ಬಂದುಬಿಡುತ್ತದೆ. ಶತಮಾನಗಳ ಬೆಳಕು, ಮೇಣ, ಕೈ ಸೇರಿ ಬಂದ ಬಣ್ಣವನ್ನು ಮತ್ತೆ ತರಲು ಯಾವ ಬಡಗಿಗೂ ಆಗುವುದಿಲ್ಲ. ಪಿಯು (ಪಾಲಿಯುರೆಥೇನ್), ಮೆಲಮೈನ್ ಪಾಲಿಶ್ ಬೇಡ, ಪ್ಲಾಸ್ಟಿಕ್ ಹೊದಿಸಿದ ಹಾಗಾಗುತ್ತದೆ. ಸಿಲಿಕೋನ್ ಇರುವ ಸ್ಪ್ರೇಗಳೂ ಬೇಡ, ಆಮೇಲೆ ಅದರ ಮೇಲೆ ಅರಗಿನ ಪಾಲಿಶ್ ಸರಿಯಾಗಿ ಹಿಡಿಯುವುದಿಲ್ಲ. ಒಣ ಬಟ್ಟೆಯಲ್ಲಿ ಧೂಳು ತೆಗೆದು, ಜೇನುಮೇಣದ ಪಾಲಿಶ್ ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಉಜ್ಜಿ. ವರ್ಷಕ್ಕೊಮ್ಮೆ ಸಾಕು.

ಡ್ರಾಯರ್ ಬಿಗಿಯಾಗಿದ್ದರೆ ಮೇಣದಬತ್ತಿ ತಿಕ್ಕಿ. ಅದರಲ್ಲೂ ಸರಿಯಾಗದೆ ಕುಸಿದು ಮುಂದಿನ ಪಟ್ಟಿಗೆ ಒರೆಸುತ್ತಿದ್ದರೆ ಮಾತ್ರ ಬಡಗಿ ಬೇಕು. ಡ್ರಾಯರ್‌ನ ಮೇಲಂಚು ಕೆತ್ತಬೇಡ, ಸವೆದ ಕೆಳಗಿನ ಅಂಚಿಗೆ ಅದೇ ಜಾತಿಯ ಮರದ ಪಟ್ಟಿ ಅಂಟಿಸು ಅಂತ ಬಾಯಿಬಿಟ್ಟು ಹೇಳಿ. ಅಂಟಿಸಲು ಕಾಯಿಸಿದ ಸರೇಸು (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಅಂಟು) ಬಳಸಲಿ. ಬಿಳಿ ಗೋಂದು ಒಮ್ಮೆ ಹಿಡಿದರೆ ಮುಂದೆ ಬಿಚ್ಚಲು ಬರುವುದಿಲ್ಲ, ಸರೇಸನ್ನು ಬಿಸಿ ಮತ್ತು ತೇವ ಕೊಟ್ಟು ಬಿಡಿಸಬಹುದು.

ಅಮೆರಿಕಕ್ಕೋ ದುಬೈಗೋ ಸಾಗಿಸುವ ಯೋಚನೆ ಇದ್ದವರು ಕೊಳ್ಳುವ ಮುಂಚೆಯೇ ಇದನ್ನು ತಿಳಿದುಕೊಳ್ಳಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕರಕುಶಲ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಅಷ್ಟು ಹಳೆಯದಲ್ಲದ ಬೀರು ಆದರೆ, ಪುರಾತನ ವಸ್ತು ಅಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣದಿಂದ ಪಡೆಯಬೇಕು. ಆ ಕಾಗದ ಕೈಗೆ ಬರುವ ತನಕ ಸಾಗಣೆಯವರಿಗೆ ಮುಂಗಡ ಕೊಡಬೇಡಿ.