ವರ್ದಾನ್: ಒಂದು ಅರ್ಮೇನಿಯನ್ ಹೆಸರನ್ನು ಓದುವ, ಬರೆಯುವ, ಕರೆಯುವ ಕ್ರಮ

ಅರ್ಮೇನಿಯದ ‘ವರ್ದಾನ್’ ಎಂಬ ಗಂಡು ಹೆಸರನ್ನು ರೋಮನ್ ಲಿಪಿಯಲ್ಲಿ ಕಂಡ ಕನ್ನಡಿಗರು ಮೊದಲು ಮಾಡುವ ತಪ್ಪು, ಅದನ್ನು ‘ವರ್ಧನ್’ ಎಂದು ಓದಿಕೊಳ್ಳುವುದು. ಹರ್ಷವರ್ಧನ, ವಿಷ್ಣುವರ್ಧನ ಎಂಬ ಹೆಸರುಗಳಿಗೆ ಪಳಗಿದ ಕಣ್ಣು ಅಲ್ಲಿಲ್ಲದ ಮಹಾಪ್ರಾಣವನ್ನು ತಾನೇ ಸೇರಿಸಿಕೊಳ್ಳುತ್ತದೆ. ಇದು ಸಂಸ್ಕೃತದಿಂದ ಹೋದ ಹೆಸರಲ್ಲ. ಓದುವಾಗ ಒತ್ತು ಕೊನೆಯ ಅಕ್ಷರದ ಮೇಲೆ ಬೀಳಬೇಕು. ಕನ್ನಡದಲ್ಲಿ ‘ದಾ’ ಎಂದು ದೀರ್ಘವಾಗಿ ಬರೆಯುವುದು ಆ ಒತ್ತನ್ನು ತೋರಿಸುವುದಕ್ಕಾಗಿಯೇ ಹೊರತು, ಅರ್ಮೇನಿಯನ್ ಭಾಷೆಯಲ್ಲಿ ನಮ್ಮಂತೆ ಹ್ರಸ್ವ–ದೀರ್ಘಗಳ ಭೇದವಿದೆ ಎಂದಲ್ಲ.

ಇದೇ ಹೆಸರು ಕೆಲವೆಡೆ ‘ವರ್ತಾನ್’ ಎಂದು ಕಂಡರೆ ಬೇರೆ ಹೆಸರೆಂದು ಭಾವಿಸಬೇಕಾಗಿಲ್ಲ. ಅರ್ಮೇನಿಯನ್ ಲಿಪಿಯಲ್ಲಿ ಕಾಗುಣಿತ ಒಂದೇ. ಆದರೆ ಬೈರೂತ್, ಪ್ಯಾರಿಸ್, ಅಮೆರಿಕಗಳಲ್ಲಿ ನೆಲೆಸಿದ ಪಶ್ಚಿಮ ಅರ್ಮೇನಿಯನ್ ನುಡಿಯವರು ನಡುವಿನ ಅಕ್ಷರವನ್ನು ಬೇರೆಯಾಗಿ ಉಚ್ಚರಿಸುವುದರಿಂದ ರೋಮನ್ ಬರಹದಲ್ಲಿ ಅದು ‘ತ’ ಆಗುತ್ತದೆ. ನ್ಯೂಯಾರ್ಕ್‌ನಲ್ಲಿ 1968ರಲ್ಲಿ ಪ್ರತಿಷ್ಠಾಪನೆಗೊಂಡ ಅರ್ಮೇನಿಯನ್ ಮಹಾದೇವಾಲಯ ಸಂತ ವರ್ತಾನನ ಹೆಸರಿನದು. ಅರ್ಮೇನಿಯದ ರಾಜಧಾನಿ ಯೆರೆವಾನ್‌ನಲ್ಲಿ ಶಿಲ್ಪಿ ಯೆರ್ವಾಂದ್ ಕೊಚಾರ್ ರೂಪಿಸಿದ ಕುದುರೆ ಸವಾರನ ಪ್ರತಿಮೆ ವರ್ದಾನನದು. ಇಬ್ಬರೂ ಒಬ್ಬನೇ, ಮುಂದೆ ಹೇಳಲಿರುವ ಐದನೆಯ ಶತಮಾನದ ಸೇನಾನಿ. ಆದ್ದರಿಂದ ಹೆಸರುಳ್ಳವರು ತಾವು ಹೇಗೆ ಬರೆದುಕೊಳ್ಳುತ್ತಾರೋ ಹಾಗೆಯೇ ಬರೆಯುವುದು ಸರಿ.

ಅರ್ಥ ಕೇಳಿದರೆ ಹೆಚ್ಚಿನವರು ‘ಗುಲಾಬಿ’ ಎನ್ನುತ್ತಾರೆ, ಏಕೆಂದರೆ ಅರ್ಮೇನಿಯನ್‌ನಲ್ಲಿ ‘ವರ್ದ್’ ಎಂದರೆ ಗುಲಾಬಿ. ಆದರೆ ಹೆಸರು ಬಂದದ್ದು ಇರಾನಿನ ಭಾಷೆಗಳಿಂದ, ಕ್ರಿ.ಶ. ಮೊದಲ ಶತಮಾನದಲ್ಲಿ ಆಳಿದ, ಪ್ರಾಚೀನ ಇರಾನಿನ ಪಾರ್ಥಿಯ ಸಾಮ್ರಾಜ್ಯದ ಅರಸನೊಬ್ಬನಿಗೂ ಇದೇ ಹೆಸರಿತ್ತು, ಗ್ರೀಕ್ ಮತ್ತು ಲ್ಯಾಟಿನ್ ಬರಹಗಳಲ್ಲಿ ಅವನು ‘ವರ್ದಾನೆಸ್’. ಇದನ್ನು ತಿಳಿದಿದ್ದರೆ ಮುಂದಿನ ಕಥೆಯ ವೈಚಿತ್ರ್ಯ ಕಾಣುತ್ತದೆ. ಪರ್ಷಿಯದ ಸಸಾನಿ ದೊರೆ ಎರಡನೆಯ ಯಜ್ದಗೆರ್ದ್ ಕ್ರೈಸ್ತರಾಗಿದ್ದ ಅರ್ಮೇನಿಯನ್ನರ ಮೇಲೆ ಜರತುಷ್ಟ್ರ ಮತವನ್ನು ಹೇರಲು ಹೊರಟಾಗ, ಅದನ್ನು ಎದುರಿಸಿ 451ರಲ್ಲಿ ಅವರಾಯಿರ್ ಬಯಲಿನಲ್ಲಿ ಹೋರಾಡಿ ಮಡಿದ ಸೇನಾನಿ ವರ್ದಾನ್ ಮಾಮಿಕೋನ್ಯಾನ್ ಹೊತ್ತಿದ್ದ ಹೆಸರು ಇರಾನಿನದೇ. ಯುದ್ಧದಲ್ಲಿ ಅರ್ಮೇನಿಯನ್ನರು ಸೋತರು. ಆದರೂ ಪ್ರತಿರೋಧ ನಿಲ್ಲಲಿಲ್ಲ, 484ರ ನ್ವರ್ಸಾಕ್ ಒಪ್ಪಂದದಲ್ಲಿ ಅವರಿಗೆ ತಮ್ಮ ಮತದಲ್ಲಿ ಉಳಿಯುವ ಹಕ್ಕು ದೊರೆಯಿತು. ಮಗನಿಗೆ ಈ ಹೆಸರಿಡುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು ಹೂವಲ್ಲ, ಅವರಾಯಿರ್.

ವರ್ದಾನ್ ಎಂಬ ಸ್ನೇಹಿತರಿಗೆ ಶುಭಾಶಯ ಹೇಳುವ ದಿನವೂ ಅದಕ್ಕೇ ಸೇರಿದ್ದು. ವರ್ದಾನ್ ಮತ್ತು ಅವನೊಂದಿಗೆ ಮಡಿದ 1036 ಮಂದಿಯನ್ನು ಚರ್ಚು ಸಂತರೆಂದು ಸ್ಮರಿಸುವ ‘ವರ್ದಾನಂತ್ಸ್’ ಹಬ್ಬ, ಈಸ್ಟರ್‌ಗೆ ಮೊದಲಿನ ದೊಡ್ಡ ಉಪವಾಸಕಾಲ ಆರಂಭವಾಗುವ ಮುಂಚಿನ ಗುರುವಾರ ಬರುತ್ತದೆ. ಈಸ್ಟರ್ ಭಾನುವಾರದಿಂದ 52 ದಿನ ಹಿಂದಕ್ಕೆ ಎಣಿಸಿದರೆ ಆ ಗುರುವಾರ ಸಿಗುತ್ತದೆ: 2025ರಲ್ಲಿ ಈಸ್ಟರ್ ಏಪ್ರಿಲ್ 20ಕ್ಕೆ ಇದ್ದುದರಿಂದ ಹಬ್ಬ ಫೆಬ್ರವರಿ 27ಕ್ಕೆ ಬಂದಿತ್ತು. ಹಬ್ಬದ ಹೆಸರನ್ನು ನಾವು ‘ಪಟೇಲರ ಕಡೆಯವರ’ ಎನ್ನುವ ಧಾಟಿಯಲ್ಲಿ ‘ವರ್ದಾನನ ಕಡೆಯವರ’ ಎಂದು ಅರ್ಥಮಾಡಿಕೊಳ್ಳಬಹುದು. ಒಬ್ಬ ನಾಯಕನ ಹೆಸರಿನಲ್ಲೇ ಅವನ ಇಡೀ ಪಡೆ ಅಡಗಿದೆ.

ಕರೆಯುವ ವಿಷಯದಲ್ಲಿ ಕನ್ನಡಿಗರಿಗೆ ಕಷ್ಟವಿಲ್ಲ. ನೀನು–ನೀವು ಎಂಬಂತೆ ಅವರಲ್ಲಿಯೂ ‘ದು’–‘ದುಕ್’ ಎಂಬ ಎರಡು ರೂಪಗಳಿವೆ. ಹೊಸ ಪರಿಚಯದ ಹಿರಿಯರನ್ನು ‘ಪಾರೋನ್’ ಎಂದು ಸೇರಿಸಿ ಕರೆಯಬೇಕು. ಕ್ರೂಸೇಡ್ ಕಾಲದಲ್ಲಿ ಅರ್ಮೇನಿಯನ್ನರು ಆಳಿದ ಸಿಲೀಸಿಯ ರಾಜ್ಯದಲ್ಲಿ ಫ್ರೆಂಚರ ‘ಬ್ಯಾರನ್’ನಿಂದ ಬಂದ ಈ ಪದ ಇಂದು ಬರೀ ‘ಶ್ರೀಯುತ’ ಎಂಬಷ್ಟಕ್ಕೆ ಇಳಿದಿದೆ. ಸಲುಗೆಯವರಾದರೆ ‘ವರ್ದಾನ್ ಜಾನ್’ ಸಾಕು. ‘ಪ್ರಿಯ’ ಎಂಬರ್ಥದ ಈ ‘ಜಾನ್’ ಕೇಳಿ ಮುಜುಗರಪಡಬೇಕಾಗಿಲ್ಲ. ಗಂಡಸರು ಗಂಡಸರಿಗೂ ಹಾಗೆಯೇ ಹೇಳುತ್ತಾರೆ.

ಹೆಣ್ಣು ಹೆಸರುಗಳಲ್ಲಿ ಎಚ್ಚರ ಬೇಕು. ‘ವರ್ದಾನುಷ್’ ಎಂಬುದು ವರ್ದಾನ್ ಹೆಸರಿನ ಸ್ತ್ರೀರೂಪದಂತೆ ಕಂಡರೂ ಅದನ್ನು ಬಿಡಿಸಬೇಕಾದದ್ದು ‘ವರ್ದ್’ ಮತ್ತು ‘ಅನುಷ್’ ಎಂದು. ಅಂದರೆ ಸಿಹಿಯಾದ ಗುಲಾಬಿ. ‘ವರ್ದುಹಿ’ ಕೂಡ ಹೂವಿನಿಂದಲೇ ಹುಟ್ಟಿದ್ದು.

ಇನ್ನು ದಾಖಲೆಗಳ ಮಾತು. ‘ವರ್ದಾನ್ಯಾನ್’ ಎಂಬುದು ಕುಲನಾಮ: ವರ್ದಾನನ ವಂಶದವರು ಎಂದರ್ಥ, 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಭಾರ ಎತ್ತಿ ಚಿನ್ನ ಗೆದ್ದ ಯೂರಿಕ್ ವರ್ದಾನ್ಯಾನ್ ಹೆಸರಿನಲ್ಲಿರುವುದು ಇದೇ. ಹೆಸರಿನ ಜೊತೆ ‘ವರ್ದಾನಿ’ ಎಂದು ಇಕಾರಾಂತವಾಗಿ ಬರೆದಿದ್ದರೆ ಅದು ತಂದೆಯ ಹೆಸರಿನ ಷಷ್ಠೀ ರೂಪ, ‘ವರ್ದಾನನ’ ಮಗ ಅಥವಾ ಮಗಳು ಎಂಬ ಸೂಚನೆ. ನಮ್ಮ ಇನಿಷಿಯಲ್ಲಿನ ಕೆಲಸವನ್ನೇ ಮಾಡುವ ಆ ಪದವನ್ನು ಅರ್ಜಿ ತುಂಬುವಾಗ ಕುಲನಾಮದ ಅಂಕಣದಲ್ಲಿ ಬರೆಯಬಾರದು.