ಬಾಣಂತಿ ಕೋಣೆಗೆ ಬೆಳಕು ಬಿಟ್ಟೆವು: ಪಾಪುವನ್ನು ಮಲಗಿಸಿದ ನನ್ನ ಅನುಭವ

"ಹಗಲೆಲ್ಲ ಮಲಗುತ್ತೆ, ರಾತ್ರಿಯೆಲ್ಲ ಕಣ್ಣು ಬಿಟ್ಕೊಂಡಿರುತ್ತೆ." ಪಾಪು ಹುಟ್ಟಿದ ಮೊದಲ ವಾರಗಳಲ್ಲಿ ನಮ್ಮ ಮನೆಯಲ್ಲಿ ದಿನವೂ ಕೇಳಿಬರುತ್ತಿದ್ದ ಮಾತು ಇದು. ತುಂಬಾ ಮನೆಗಳ ಪಾಡೂ ಇದೇ ಅಲ್ವಾ? ಹಸುಗೂಸಿಗೆ ಹಗಲು ರಾತ್ರಿಯ ಲೆಕ್ಕ ಇರುವುದಿಲ್ಲ. ಕತ್ತಲಾದಾಗ ನಿದ್ದೆ ತರಿಸುವ ಮೆಲಟೋನಿನ್ ಎಂಬ ಹಾರ್ಮೋನು ಮಗುವಿನ ಮೈಯಲ್ಲಿ ಹೊತ್ತಿಗೆ ಸರಿಯಾಗಿ ಬರುವುದೇ ಎರಡು ಮೂರು ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ, ಆದರೆ ಎಲ್ಲವೂ ತುಂಡು ತುಂಡು ನಿದ್ದೆ. ಎರಡು ಮೂರು ಗಂಟೆಗೊಮ್ಮೆ ಹಾಲಿಗೆ ಏಳಲೇಬೇಕು, ಹೊಟ್ಟೆ ಅಷ್ಟು ಚಿಕ್ಕದು. ಹಾಗಾಗಿ ಈ ವಯಸ್ಸಿನಲ್ಲಿ ರಾತ್ರಿಯಿಡೀ ಮಲಗಿಸುವ ಯಾವ ಉಪಾಯವೂ ಇಲ್ಲ. ಆದರೆ ಹಗಲು ಯಾವುದು, ರಾತ್ರಿ ಯಾವುದು ಎಂದು ಮೊದಲ ದಿನಗಳಿಂದಲೇ ಮಗುವಿಗೆ ತೋರಿಸುತ್ತಾ ಹೋಗಬಹುದು. ನಾವು ಮಾಡಿದ್ದು ಮುಖ್ಯವಾಗಿ ಇಷ್ಟೇ.

ನನ್ನ ಬಾಣಂತನ ತವರುಮನೆ ತಿಪಟೂರಿನಲ್ಲಿ. ಬಾಣಂತಿ ಕೋಣೆ ಅಂದರೆ ಗೊತ್ತಲ್ಲ, ಕಿಟಕಿ ಮುಚ್ಚಿ, ಬಾಗಿಲು ಓರೆ ಮಾಡಿ, ಮಧ್ಯಾಹ್ನವೂ ಮಬ್ಬುಗತ್ತಲೆ. ಗಾಳಿ ತಾಗಬಾರದು ಅಂತ ಹಿರಿಯರು ಕಾಳಜಿಯಿಂದ ಮಾಡಿಕೊಂಡು ಬಂದದ್ದು. ಆದರೆ ಹನ್ನೊಂದು ಗಂಟೆಯ ಬಿಸಿಲೂ ಕಾಣದ, ರಾತ್ರಿ ಎರಡು ಗಂಟೆಗೆ ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಮಗುವಿಗೆ ಹೊತ್ತು ತಿಳಿಯುವುದಾದರೂ ಹೇಗೆ? ಕಿಟಕಿ ತೆಗೆಯೋಣ ಅಂದಾಗ ಅಮ್ಮ, "ಬಾಣಂತಿ ಕೋಣೆ ಕಿಟಕಿ ತೆಗೀತಾರೇನೇ? ಶೀತ ಆಗುತ್ತೆ ಕಣೇ" ಅಂದರು. "ಗಾಳಿ ಬೇಡಮ್ಮ, ಬೆಳಕು ಮಾತ್ರ ಬರಲಿ" ಅಂದೆ. ಅಪ್ಪನ ಹಳೆಯ ಬಿಳಿ ಪಂಚೆಯನ್ನು ಕಿಟಕಿಗೆ ಅಡ್ಡ ಕಟ್ಟಿ ಬಾಗಿಲು ತೆಗೆದರು. ಬೆಳಕೂ ಬಂತು, ಅಮ್ಮನಿಗೆ ಸಮಾಧಾನವೂ ಆಯಿತು.

ಹಗಲು ಮಲಗಿದ್ದರೂ ಕೋಣೆ ಬೆಳಕಾಗಿಯೇ ಇರುತ್ತಿತ್ತು. ಮಿಕ್ಸಿ, ಕುಕ್ಕರ್ ಸೀಟಿ, ಬೀದಿಯಲ್ಲಿ ಸೊಪ್ಪಿನವನ ಕೂಗು, ಯಾವುದನ್ನೂ ತಡೆಯಲಿಲ್ಲ. ಹಾಲು ಕೊಡುವಾಗ ಮುಖ ನೋಡಿ ಮಾತಾಡಿಸುತ್ತಿದ್ದೆ. ಬೆಳಗ್ಗೆ ಎದ್ದ ಕೂಡಲೇ ಅಪ್ಪ ಮೊಮ್ಮಗಳನ್ನು ಎತ್ತಿಕೊಂಡು ಜಗಲಿಗೆ ಹೋಗಿ ಕೂರುತ್ತಿದ್ದರು. ಎಣ್ಣೆ ನೀರು ಹಾಕಲು ಬರುತ್ತಿದ್ದ ಅಜ್ಜಿ ಬೆಳಗ್ಗೆಯೇ ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಹಾಕಿದರೆ, ಪಾಪು ಹಾಯಾಗಿ ಮಧ್ಯಾಹ್ನದವರೆಗೂ ಮಲಗುವುದು. ಆ ನಿದ್ದೆ ಮೂರು ಗಂಟೆಗಿಂತ ಉದ್ದವಾದರೆ ನಾನೇ ಎಬ್ಬಿಸಿ ಹಾಲು ಕೊಡುತ್ತಿದ್ದೆ. ಮಲಗಿದ ಮಗುವನ್ನು ಎಬ್ಬಿಸುವುದು ಯಾರಿಗೂ ಇಷ್ಟವಾಗಲಿಲ್ಲ. ಆದರೆ ಹಗಲಲ್ಲಿ ತಪ್ಪಿಸಿದ ಹಾಲನ್ನು ಮಗು ರಾತ್ರಿ ಕೇಳಿಯೇ ಕೇಳುತ್ತದೆ. ಹುಟ್ಟಿದ ತೂಕ ಮತ್ತೆ ಬರುವವರೆಗೂ, ಅಂದರೆ ಸಾಮಾನ್ಯವಾಗಿ ಮೊದಲ ಎರಡು ವಾರ, ರಾತ್ರಿಯೂ ಎಬ್ಬಿಸಿ ಕುಡಿಸಬೇಕು.

ದೀಪ ಹಚ್ಚುವ ಹೊತ್ತಿಗೆ ಮನೆಯ ರೀತಿಯೇ ಬದಲಾಗುತ್ತಿತ್ತು. ಒದ್ದೆ ಬಟ್ಟೆಯಿಂದ ಮೈ ಒರೆಸಿ, ಅಂಗಾಲಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಬಟ್ಟೆ ಬದಲಿಸಿ, ಹಾಲು ಕೊಟ್ಟು, ಅದೇ ಜೋಗುಳ. ದಿನವೂ ಅದೇ ಸಾಲು, ಅದೇ ಕ್ರಮ. ರಾತ್ರಿ ಹಾಲಿಗೆ ಎದ್ದರೆ ಜೀರೋ ಬಲ್ಬ್ ಮಾತ್ರ. ಮಾತಿಲ್ಲ, ನಗು ಇಲ್ಲ, ಮೊಬೈಲ್ ಬೆಳಕಿಲ್ಲ. ಹಗಲು ಲಂಗೋಟಿ, ರಾತ್ರಿ ಡೈಪರ್. ಒದ್ದೆ ಲಂಗೋಟಿಗೆ ಪಾಪು ಪ್ರತಿ ಸಲ ಎಚ್ಚರವಾಗುತ್ತಿದ್ದಳು.

ಇನ್ನು ತೊಟ್ಟಿಲಿಗೆ ಹಾಕುವ ಕೆಲಸ. ತೋಳಲ್ಲಿ ಗಾಢವಾಗಿ ಮಲಗಿದ ಮಗು ಕೆಳಗಿಟ್ಟ ತಕ್ಷಣ ಎರಡೂ ಕೈ ಚಾಚಿ ಬೆಚ್ಚಿಬೀಳುತ್ತದಲ್ಲ, ಅದು ಹುಟ್ಟಿನಿಂದ ಬಂದ ಸಹಜ ಪ್ರತಿಕ್ರಿಯೆ. ತಲೆ ಹಿಂದಕ್ಕೆ ವಾಲಿದರೆ ಬಿದ್ದಂತೆ ಅನ್ನಿಸಿ ಹಾಗೆ ಆಗುತ್ತದೆ. ಅದಕ್ಕೆ ನಾನು ಮೊದಲು ಕುಂಡಿ ತಾಗಿಸುತ್ತಿದ್ದೆ, ಆಮೇಲೆ ಬೆನ್ನು, ಕೊನೆಗೆ ತಲೆ. ತಲೆಯ ಕೆಳಗಿನ ಕೈಯನ್ನು ನಿಧಾನ ಎಳೆದುಕೊಂಡು, ಇನ್ನೊಂದು ಕೈಯನ್ನು ಎದೆಯ ಮೇಲೆ ಹಗುರಾಗಿ ಇಟ್ಟು, ಉಸಿರು ಒಂದೇ ಸಮ ಆಗುವವರೆಗೂ ತೆಗೆಯುತ್ತಿರಲಿಲ್ಲ. ಹಳೆ ಕಾಟನ್ ಸೀರೆಯ ತುಂಡಿನಲ್ಲಿ ಕೈಗಳನ್ನು ಒಳಗೆ ಸೇರಿಸಿ ಸುತ್ತಿದರೆ ಬೆಚ್ಚುವುದು ಇನ್ನೂ ಕಡಿಮೆ. ಎದೆಯ ಹತ್ತಿರ ನಮ್ಮ ಎರಡು ಬೆರಳು ಹೋಗುವಷ್ಟು ಸಡಿಲ ಇರಬೇಕು. ಕಾಲುಗಳನ್ನು ಮಾತ್ರ ನೇರ ಎಳೆದು ಬಿಗಿಯಬಾರದು. ಮಂಡಿ ಮಡಿಸಿ ಕಪ್ಪೆಯ ಹಾಗೆ ಅಗಲ ಮಾಡಿಕೊಳ್ಳಲು ಜಾಗ ಇರಬೇಕು, ಇಲ್ಲದಿದ್ದರೆ ಸೊಂಟದ ಕೀಲು ಸರಿಯಾಗಿ ಬೆಳೆಯದೆ ಹೋಗಬಹುದು.

ಮಲಗಿಸುವುದು ಯಾವಾಗಲೂ ಅಂಗಾತ. ಹಗಲಾದರೂ ಸರಿ, ರಾತ್ರಿಯಾದರೂ ಸರಿ. ಅಮೆರಿಕದಲ್ಲಿ 1994ರಿಂದ ಇದನ್ನು ದೊಡ್ಡದಾಗಿ ಪ್ರಚಾರ ಮಾಡಿದ ಮೇಲೆ, ಆರೋಗ್ಯವಾಗಿದ್ದ ಕೂಸುಗಳು ನಿದ್ದೆಯಲ್ಲೇ ತೀರಿಕೊಳ್ಳುವುದು ಸುಮಾರು ಅರ್ಧಕ್ಕೆ ಇಳಿಯಿತು. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ತಲೆ ದುಂಡಗಾಗಲಿ ಅಂತ ಅತ್ತೆ ಪ್ರೀತಿಯಿಂದ ಹೊಲಿಸಿ ಕಳಿಸಿದ ಸಾಸಿವೆ ದಿಂಬನ್ನು ಎಚ್ಚರವಿದ್ದಾಗ, ನಾನು ಪಕ್ಕದಲ್ಲೇ ಕೂತಿದ್ದಾಗ ಮಾತ್ರ ಇಡುತ್ತಿದ್ದೆ. ನಿದ್ದೆಗೆ ದಿಂಬಿಲ್ಲ, ದಪ್ಪ ದುಪಟಿ ಇಲ್ಲ, ಬೊಂಬೆ ಇಲ್ಲ. ಸೀರೆಯ ಜೋಲಿಯನ್ನು ಅಮ್ಮ ತೂಗುತ್ತಿದ್ದರು, ಪಾಪುವಿಗೂ ಅದು ಬಹಳ ಹಿತ. ಆದರೆ ಜೋಲಿಯಲ್ಲಿ ಬೆನ್ನು ಬಾಗಿ ಗಲ್ಲ ಎದೆಗೆ ತಾಗಿದರೆ ಉಸಿರಿಗೆ ಅಡ್ಡಿ. ಅದಕ್ಕೆ ಕಣ್ಣೆದುರು ಇದ್ದಷ್ಟು ಹೊತ್ತು ಮಾತ್ರ ಜೋಲಿ, ನಿದ್ದೆ ಹತ್ತಿದ ಮೇಲೆ ನನ್ನ ಮಂಚಕ್ಕೆ ತಾಗಿಸಿದ ತೊಟ್ಟಿಲು. ಮಾರ್ಚ್ ಸೆಕೆಯಲ್ಲೂ ಸ್ವೆಟರ್, ಕುಲಾವಿ, ಸಾಕ್ಸ್ ಎಲ್ಲಾ ಹಾಕಲು ಬಂದವರೇ ಜಾಸ್ತಿ. ನಾನು ಕತ್ತಿನ ಹಿಂದೆ ಮುಟ್ಟಿ ನೋಡುತ್ತಿದ್ದೆ. ಅಲ್ಲಿ ಬೆವರಿದ್ದರೆ ಒಂದು ಪದರ ಕಡಿಮೆ. ಅಂಗೈ ಅಂಗಾಲು ತಣ್ಣಗಿದ್ದರೆ ಚಿಂತೆಯಿಲ್ಲ, ಕೂಸುಗಳಿಗೆ ಅದು ಸಹಜ.

ಗಸಗಸೆ ಅಥವಾ ಬಜೆ ತೇಯ್ದು ನೆಕ್ಕಿಸಿದರೆ ಚೆನ್ನಾಗಿ ಮಲಗುತ್ತೆ ಅಂತ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಇಲ್ಲಿ ನಾನು ಯಾರ ಮಾತಿಗೂ ಬಗ್ಗಲಿಲ್ಲ. ಗಸಗಸೆ ಅಫೀಮಿನ ಗಿಡದ ಬೀಜ. ಅದರಲ್ಲಿ ಅಫೀಮಿನ ಅಂಶ ಉಳಿದಿದ್ದರೆ ಕೂಸಿನ ಉಸಿರೇ ಕುಗ್ಗಬಹುದು. ಆರು ತಿಂಗಳವರೆಗೆ ಎದೆಹಾಲು ಮಾತ್ರ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಗ್ರೈಪ್ ವಾಟರ್, ಜೇನುತುಪ್ಪ, ಸಕ್ಕರೆ ನೀರು ಯಾವುದೂ ಬೇಡ.

ನಿದ್ದೆ ಬಂದ ಗುರುತನ್ನು ಬೇಗ ಹಿಡಿಯುವುದು ನಮಗೆ ತುಂಬಾ ಸಹಾಯ ಮಾಡಿತು. ಈ ವಯಸ್ಸಿನ ಮಗು ಒಂದು ಸಲಕ್ಕೆ ಸುಮಾರು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಎಚ್ಚರವಿದ್ದರೆ ಸಾಕು, ದಣಿಯುತ್ತದೆ. ನಮ್ಮ ಪಾಪು ಮೊದಲು ನೋಟವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದಳು, ಹುಬ್ಬು ಕೆಂಪಾಗುತ್ತಿತ್ತು. ಆಕಳಿಕೆ ಆಮೇಲೆ. ಹುಬ್ಬು ಕೆಂಪಾದಾಗಲೇ ತೋಳಿಗೆ ತೆಗೆದುಕೊಂಡರೆ ಸುಲಭ. ಅಳು ಶುರುವಾಗಲಿ ಅಂತ ಕಾದರೆ ದಣಿವೇ ನಿದ್ದೆಗೆ ಅಡ್ಡಿ. ನಾಮಕರಣದ ದಿನ ಕೈಯಿಂದ ಕೈಗೆ ದಾಟಿ ದಾಟಿ ಆ ರಾತ್ರಿ ಅವಳು ಅತ್ತದ್ದನ್ನು ನೋಡಿ, ಮಗು ನೋಡಲು ಬರುವವರಿಗೆ ಸಂಜೆ ಬೇಡ, ಬೆಳಗ್ಗೆ ಬನ್ನಿ ಅಂತ ಅಮ್ಮನೇ ಹೇಳತೊಡಗಿದರು.

ಮಲಗಿದಾಗ ಮುಲುಕುವುದು, ಮುಖ ಕಿವಿಚುವುದು, ಸುಮ್ನೆ ನಗುವುದು, ಕಣ್ಣುರೆಪ್ಪೆಯ ಒಳಗೆ ಗುಡ್ಡೆ ಓಡಾಡುವುದು, ಇದೆಲ್ಲ ಇರುತ್ತದೆ. ದೇವರು ಆಡಿಸ್ತಿದ್ದಾನೆ ಅನ್ನುತ್ತಿದ್ದರು ಅಜ್ಜಿ. ಹಸುಗೂಸಿನ ನಿದ್ದೆಯಲ್ಲಿ ಸುಮಾರು ಅರ್ಧ ಹೀಗೆಯೇ. ಸದ್ದಾದ ತಕ್ಷಣ ಎತ್ತಿಕೊಂಡರೆ ಮಲಗಿದ ಮಗುವನ್ನು ನಾವೇ ಎಬ್ಬಿಸಿದಂತೆ. ಸ್ವಲ್ಪ ಕಾದು ನೋಡಿದರೆ ಎಷ್ಟೋ ಸಲ ತಾನೇ ಮತ್ತೆ ನಿದ್ದೆಗೆ ಜಾರುತ್ತದೆ.

ಸಂಜೆಯ ಅಳು ಮಾತ್ರ ಬೇರೆ. ಒಂದೂವರೆ ತಿಂಗಳ ಹೊತ್ತಿಗೆ ಅದು ಜೋರಾಗಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದರು. ಅವರ ಮನಸ್ಸಿಗೆ ನೆಮ್ಮದಿ, ಪಾಪುವಿಗೆ ತೊಂದರೆ ಇಲ್ಲ. ಹೊಗೆಯನ್ನು ಮಾತ್ರ ಕೋಣೆಯೊಳಗೆ ಬಿಡಲಿಲ್ಲ. ಹೊಟ್ಟೆ ತುಂಬಿದೆಯೇ, ತೇಗು ಬಂತೇ ನೋಡಿ, ಅಂಗಿ ಬಿಚ್ಚಿ ಬರಿ ಎದೆಗೆ ಒರಗಿಸಿಕೊಂಡು, ಕಿವಿಯ ಹತ್ತಿರ ಶ್ ಶ್ ಅನ್ನುತ್ತಾ ಹಜಾರದಲ್ಲಿ ಓಡಾಡುವುದು ನಮ್ಮ ಔಷಧಿ. ಭಾನುವಾರ ಬರುತ್ತಿದ್ದ ನನ್ನ ಗಂಡನ ಎದೆಯ ಮೇಲೆ ನನ್ನದಕ್ಕಿಂತ ಬೇಗ ಸುಮ್ಮನಾಗುತ್ತಿದ್ದಳು. ನನ್ನ ಹಾಲಿನ ವಾಸನೆ ಅಲ್ಲಿ ಇರಲಿಲ್ಲವಲ್ಲ. ಯಾರ ಕೈಯಲ್ಲೂ ನಿಲ್ಲದೆ ತಾಳ್ಮೆ ಕೆಟ್ಟರೆ ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಬನ್ನಿ. ಸಿಟ್ಟಿನಲ್ಲಿ ಜೋರಾಗಿ ಕುಲುಕಿದರೆ ಮಿದುಳಿಗೇ ಪೆಟ್ಟಾಗುತ್ತದೆ.

ಮಗು ತುಂಬಾ ಮಲಗುತ್ತಿದೆ, ಒಳ್ಳೆ ಮಗು ಅಂತ ಸುಮ್ಮನಿರಬೇಡಿ. ಎಬ್ಬಿಸಿದರೂ ಹಾಲು ಕುಡಿಯದೆ ಜೋಲು ಬಿದ್ದರೆ, ಮೈ ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ.

ರಾತ್ರಿಯ ಮೊದಲ ಪಾಳಿ ನನ್ನದು, ಬೆಳಗಿನ ಜಾವದ್ದು ಅಮ್ಮನದು. ನಾಲ್ಕರ ಹಾಲು ಕೊಟ್ಟು ಪಾಪುವನ್ನು ಅಮ್ಮನ ಕೈಗಿಟ್ಟರೆ ನನಗೆ ಒಂದೇ ಸಮ ಎರಡು ಮೂರು ಗಂಟೆ ನಿದ್ದೆ. ಅದು ಸಿಕ್ಕಿದ ದಿನ ಸಂಜೆಯ ಅಳುವನ್ನೂ ಸಮಾಧಾನವಾಗಿ ನೋಡಿಕೊಳ್ಳಲು ಆಗುತ್ತಿತ್ತು. ಮೂರು ತಿಂಗಳು ತುಂಬುವ ಹೊತ್ತಿಗೆ ಪಾಪುವಿನ ದೊಡ್ಡ ನಿದ್ದೆ ರಾತ್ರಿಯ ಕಡೆಗೆ ಸರಿಯಿತು, ನಡುವೆ ಹಾಲಿಗೆ ಏಳುವುದು ಇದ್ದೇ ಇತ್ತು. ಆಮೇಲೆ ಮಗ್ಗುಲಾಗಲು ಒದ್ದಾಡುವುದು ಕಂಡಿತು. ಅಂದೇ ಸೀರೆ ತುಂಡು ಸುತ್ತುವುದನ್ನು ನಿಲ್ಲಿಸಿದೆವು. ಕೈ ಕಟ್ಟಿದ ಮಗು ಬೋರಲು ಬಿದ್ದರೆ ಮುಖ ಎತ್ತಲು ಆಗುವುದಿಲ್ಲ. ಕೆಲವು ರಾತ್ರಿ ಅವಳೂ ಬೆಚ್ಚಿದಳು, ನಾವೂ ಎದ್ದೆವು. ಆಮೇಲೆ ಕೈ ಬಿಚ್ಚಿಕೊಂಡೇ ಮಲಗುವುದು ರೂಢಿಯಾಯಿತು.