ರೋಡ್ ಬೈಕ್ ಕೊಳ್ಳುವ ಮುನ್ನ: ಮೈ ಅಳತೆ ಮತ್ತು ಫ್ರೇಮಿನ ಅಳತೆ

ರೋಡ್ ಬೈಕ್, ಅಂದರೆ ಟಾರು ರಸ್ತೆಯಲ್ಲಿ ವೇಗವಾಗಿ ತುಳಿಯುವ ಸೈಕಲ್, ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ಮೊದಲು ಎದುರಾಗುವ ಪ್ರಶ್ನೆ ಎತ್ತರದ್ದು. ಐದು ಅಡಿ ಏಳು ಇಂಚು ಎಂದರೆ 54ರ ಫ್ರೇಮ್ ಮುಂದೆ ಬರುತ್ತದೆ. ಆದರೆ ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರದು ಉದ್ದ ಕಾಲು ಮತ್ತು ಗಿಡ್ಡ ಮುಂಡ, ಇನ್ನೊಬ್ಬರದು ಅದಕ್ಕೆ ತದ್ವಿರುದ್ಧವಾಗಿರಬಹುದು. ಸೀಟಿನ ಎತ್ತರವನ್ನು ಅಲೆನ್ ಕೀ ಹಿಡಿದು ಐದು ನಿಮಿಷದಲ್ಲಿ ಬದಲಿಸಿಕೊಳ್ಳಬಹುದು. ಫ್ರೇಮಿನ ಉದ್ದವನ್ನು ಯಾರೂ ಬದಲಿಸಲಾರರು. ಆದ್ದರಿಂದ ಕೊಳ್ಳುವಾಗ ನಿಜವಾಗಿ ನೋಡಬೇಕಾದದ್ದು ಕಾಲು ನೆಲಕ್ಕೆ ಮುಟ್ಟುತ್ತದೆಯೇ ಎಂಬುದನ್ನಲ್ಲ, ಕೈ ಹ್ಯಾಂಡಲಿಗೆ ಸಲೀಸಾಗಿ ನಿಲುಕುತ್ತದೆಯೇ ಎಂಬುದನ್ನು. ನನ್ನ ಮೊದಲ ರೋಡ್ ಬೈಕನ್ನು ಎತ್ತರವೊಂದನ್ನೇ ನೋಡಿ ಕೊಂಡಿದ್ದೆ. ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಹೋಗಿ ಬರುವಷ್ಟರಲ್ಲಿ ಅಂಗೈ ಜೋಮು ಹಿಡಿದು ಕುತ್ತಿಗೆ ಬಿಗಿಯುತ್ತಿತ್ತು. ಹ್ಯಾಂಡಲ್ ಹತ್ತಿರವಾಗಲೆಂದು ಸೀಟನ್ನು ಮುಂದಕ್ಕೆ ಸರಿಸಿದೆ, ಆಗ ಮಂಡಿನೋವು ಶುರುವಾಯಿತು. ಕೊನೆಗೆ ಆ ಫ್ರೇಮನ್ನೇ ಮಾರಬೇಕಾಯಿತು.

ಮೊದಲ ಕೆಲಸ ಒಳಗಾಲಿನ ಅಳತೆ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಪಾದಗಳ ನಡುವೆ ಒಂದು ಗೇಣಿನಷ್ಟು ಅಂತರ ಬಿಟ್ಟು ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಅದರ ಬೆನ್ನು ಮೇಲೆ ಬರುವಂತೆ ತೊಡೆಸಂದಿಗೆ, ಸೀಟಿನ ಮೇಲೆ ಕುಳಿತಾಗ ಎಷ್ಟು ಒತ್ತುವುದೋ ಅಷ್ಟೇ ಬಲವಾಗಿ ಒತ್ತಿ ಹಿಡಿಯಿರಿ. ಪುಸ್ತಕದ ಅಂಚು ಗೋಡೆಗೆ ಪೂರ್ತಿ ತಾಗಿದ್ದರೆ ಅದು ಮಟ್ಟವಾಗಿದೆ ಎಂದರ್ಥ. ಪುಸ್ತಕದ ಬೆನ್ನಿನಿಂದ ನೆಲದವರೆಗೆ ಇನ್ನೊಬ್ಬರು ಅಳೆಯಲಿ. ಮೂರು ಸಲ ಅಳೆದು ಸರಾಸರಿ ತೆಗೆದುಕೊಳ್ಳಿ. ದರ್ಜಿಯವರು ಪ್ಯಾಂಟಿಗಾಗಿ ತೆಗೆದ ಅಳತೆ ಇಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ಅದು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆಯೇ ಇರುತ್ತದೆ.

ಫ್ರೇಮಿನ ಮೇಲೆ ಬರೆದ 52, 54, 56 ಎಂಬ ಅಂಕಿಗಳು ಹಿಂದೆ ಸೀಟ್ ಟ್ಯೂಬಿನ (ಸೀಟಿನ ಕೆಳಗಿನ ಪೈಪಿನ) ಉದ್ದವನ್ನು ಸೆಂಟಿಮೀಟರಿನಲ್ಲಿ ಹೇಳುತ್ತಿದ್ದವು. ಮೇಲಿನ ಪೈಪು ನೆಲಕ್ಕೆ ಸಮಾನಾಂತರವಾಗಿದ್ದ ಕಾಲಕ್ಕೆ ಅದು ಸರಿಯಾಗಿತ್ತು. ಹಿಂದಕ್ಕೆ ಇಳಿಜಾರಾದ ಪೈಪಿನ ಫ್ರೇಮುಗಳು 1990ರ ದಶಕದ ಕೊನೆಯಿಂದ ಹೆಚ್ಚಾದ ಮೇಲೆ ಆ ಅಂಕಿ ಬರಿಯ ಹೆಸರಾಗಿ ಉಳಿದಿದೆ; ಒಂದು ಕಂಪನಿಯ 54 ಇನ್ನೊಂದರ 54ರಂತೆ ಇರಬೇಕೆಂದಿಲ್ಲ. ಇಂದು ನಂಬಬಹುದಾದದ್ದು ಕಂಪನಿಗಳ ಜಾಮಿಟ್ರಿ ಪಟ್ಟಿಯಲ್ಲಿರುವ ಸ್ಟ್ಯಾಕ್ ಮತ್ತು ರೀಚ್ ಎಂಬ ಎರಡು ಅಳತೆಗಳನ್ನು. ಕ್ರ್ಯಾಂಕಿನ (ಪೆಡಲಿನ ತೋಳಿನ) ಅಚ್ಚು ಹಾಯುವ ಬಾಟಮ್ ಬ್ರಾಕೆಟ್ಟಿನ ನಡುವಿನಿಂದ ಹೆಡ್ ಟ್ಯೂಬಿನ (ಫ್ರೇಮಿನ ಮುಂದಿನ ಗಿಡ್ಡ ಪೈಪಿನ) ಮೇಲ್ತುದಿಯ ನಡುವಿನವರೆಗೆ ನೇರ ಮೇಲಕ್ಕೆ ಅಳೆದರೆ ಸ್ಟ್ಯಾಕ್, ಅಡ್ಡಕ್ಕೆ ಮುಂದೆ ಅಳೆದರೆ ರೀಚ್. ಸೀಟು ಎಲ್ಲಿದ್ದರೂ ಇವು ಬದಲಾಗುವುದಿಲ್ಲವಾದ್ದರಿಂದ ಎರಡು ಸೈಕಲ್‌ಗಳನ್ನು ಹೋಲಿಸಲು ಇವೇ ಯೋಗ್ಯ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಹೆಡ್ ಟ್ಯೂಬ್ ಹಿಂದಕ್ಕೆ ವಾಲಿರುವುದರಿಂದ ಸ್ಪೇಸರ್ (ಹ್ಯಾಂಡಲಿನ ಕೆಳಗೆ ಕೂರಿಸುವ ಉಂಗುರ) ಹಾಕಿ ಹ್ಯಾಂಡಲನ್ನು 1 ಸೆಂ.ಮೀ. ಏರಿಸಿದರೆ ಅದು ಸುಮಾರು 3 ಮಿ.ಮೀ. ನಮ್ಮ ಕಡೆಗೂ ಬರುತ್ತದೆ. ಸ್ಟ್ಯಾಕ್ ಬೇರೆ ಬೇರೆಯಾಗಿರುವ ಫ್ರೇಮುಗಳ ರೀಚನ್ನು ಈ ಲೆಕ್ಕ ಹಿಡಿದೇ ಹೋಲಿಸಬೇಕು. 200 ಕಿ.ಮೀ. ಬ್ರೆವೆಯನ್ನು (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಹದಿಮೂರೂವರೆ ಗಂಟೆಯೊಳಗೆ ಮುಗಿಸುವುದು ಗುರಿಯಾಗಿದ್ದರೆ, ರೇಸಿಗೆಂದು ಮಾಡಿದ ತಗ್ಗಿನ ಫ್ರೇಮಿಗಿಂತ ಸ್ಟ್ಯಾಕ್ ಹೆಚ್ಚು, ರೀಚ್ ಕಡಿಮೆ ಇರುವ ಎಂಡ್ಯೂರೆನ್ಸ್ ಫ್ರೇಮನ್ನೇ ಆರಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ.

ಸೀಟಿನ ಎತ್ತರಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಸೂತ್ರವೊಂದಿದೆ: ಒಳಗಾಲಿನ ಅಳತೆಯನ್ನು 0.883ರಿಂದ ಗುಣಿಸಿದರೆ ಬಾಟಮ್ ಬ್ರಾಕೆಟ್ಟಿನ ನಡುವಿನಿಂದ ಸೀಟಿನ ಮೇಲ್ಮೈವರೆಗಿನ ದೂರ ಸಿಗುತ್ತದೆ. ಒಳಗಾಲು 80 ಸೆಂ.ಮೀ. ಇದ್ದರೆ 70.6 ಸೆಂ.ಮೀ. ಇದನ್ನು ಜನಪ್ರಿಯಗೊಳಿಸಿದವರು 1986, 1989 ಮತ್ತು 1990ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್. ಅಂದಿನ ಪೆಡಲ್, ಶೂಗಳ ದಪ್ಪ ಬೇರೆಯಾಗಿದ್ದುದರಿಂದ ಇದನ್ನು ಆರಂಭದ ಅಂದಾಜು ಎಂದಷ್ಟೇ ಇಟ್ಟುಕೊಂಡು ಮೈಯಿಂದ ಪರೀಕ್ಷಿಸಬೇಕು. ಪೆಡಲ್ ಅತಿ ಕೆಳಗೆ ಬಂದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ಪೂರ್ತಿ ನೆಟ್ಟಗಾಗಬೇಕು, ಸೊಂಟ ವಾಲಬಾರದು. ಹೆಬ್ಬೆರಳ ಬುಡದ ಉಬ್ಬು ಪೆಡಲಿನ ಅಚ್ಚಿನ ಮೇಲೆ ಬರುವಂತೆ ಪಾದವನ್ನು ಸರಿಯಾಗಿ ಇಟ್ಟಾಗ ಮಂಡಿಯಲ್ಲಿ 25ರಿಂದ 35 ಡಿಗ್ರಿಗಳಷ್ಟು ಬಾಗು ಉಳಿಯಬೇಕು. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ಬಹುಮಟ್ಟಿಗೆ ತಗ್ಗಾಗಿದೆ. ಮಂಡಿಯ ಹಿಂಭಾಗ ನೋಯುತ್ತಿದ್ದರೆ ಅಥವಾ ತುಳಿಯುವಾಗ ಸೊಂಟ ಅತ್ತಿತ್ತ ಜಾರುತ್ತಿದ್ದರೆ ಎತ್ತರವಾಗಿದೆ. ಒಂದು ಸಲಕ್ಕೆ 2–3 ಮಿ.ಮೀ.ಗಿಂತ ಹೆಚ್ಚು ಬದಲಿಸದೆ, ಒಂದೆರಡು ಸವಾರಿ ಮುಗಿಸಿದ ಮೇಲೆ ಮುಂದಿನ ಬದಲಾವಣೆ ಮಾಡಿ. ಸೀಟ್‌ಪೋಸ್ಟಿನ (ಸೀಟನ್ನು ಹೊತ್ತ ಕೊಳವೆಯ) ಮೇಲಿರುವ ಕನಿಷ್ಠ ಆಳದ ಗೆರೆ ಎಂದಿಗೂ ಹೊರಗೆ ಕಾಣಿಸಬಾರದು.

ಸೀಟನ್ನು ರಸಮಟ್ಟ ಇಟ್ಟು ಸಮ ಮಾಡಿ. ಕ್ರ್ಯಾಂಕುಗಳು ನೆಲಕ್ಕೆ ಸಮಾನಾಂತರವಾಗಿ ನಿಂತಾಗ, ತುದಿಗೆ ನಟ್ಟು ಕಟ್ಟಿದ ದಾರವನ್ನು ಮುಂದಿನ ಕಾಲಿನ ಮಂಡಿಚಿಪ್ಪಿನ ಕೆಳಗಿನಿಂದ ಇಳಿಬಿಟ್ಟರೆ ಅದು ಪೆಡಲಿನ ಅಚ್ಚಿನ ಆಸುಪಾಸಿನಲ್ಲಿ ಬೀಳಬೇಕು. ಇದು ನಿಯಮವಲ್ಲ, ಒಳ್ಳೆಯ ಆರಂಭ. ಈ ಜಾಗ ಒಮ್ಮೆ ನಿಶ್ಚಯವಾದ ಮೇಲೆ ಹ್ಯಾಂಡಲ್ ದೂರವೆಂಬ ಕಾರಣಕ್ಕೆ ಸೀಟನ್ನು ಸರಿಸಲೇಬೇಡಿ.

ಹ್ಯಾಂಡಲಿನ ದೂರವನ್ನು ಸ್ಟೆಮ್ಮಿನಿಂದಲೇ, ಅಂದರೆ ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ತುಂಡಿನಿಂದಲೇ, ಸರಿಪಡಿಸಬೇಕು. ಬ್ರೇಕಿನ ಹುಡ್‌ಗಳ (ಬ್ರೇಕ್ ಲಿವರಿನ ಬುಡದ ರಬ್ಬರ್ ಹಿಡಿಗಳ) ಮೇಲೆ ಕೈಯಿಟ್ಟು ಕುಳಿತಾಗ ಮೊಣಕೈ ತುಸು ಬಾಗಿರಬೇಕು, ತೋಳು ಮತ್ತು ಮುಂಡದ ನಡುವೆ ಹೆಚ್ಚುಕಡಿಮೆ ಲಂಬಕೋನವಿರಬೇಕು, ಕೈಯನ್ನು ಕ್ಷಣಕಾಲ ಎತ್ತಿದರೂ ಮೈ ಮುಂದಕ್ಕೆ ಮುಗ್ಗರಿಸಬಾರದು. ಹ್ಯಾಂಡಲ್ ಹಿಡಿದಾಗ ಮುಂದಿನ ಚಕ್ರದ ಹಬ್ ಅದರ ಮರೆಯಾಗಬೇಕೆಂಬ ಹಳೆಯ ಮಾತನ್ನು ನಂಬಬೇಡಿ. ರೋಡ್ ಬೈಕಿನಲ್ಲಿ ಸ್ಟೆಮ್ ಸಾಮಾನ್ಯವಾಗಿ 80ರಿಂದ 120 ಮಿ.ಮೀ. ಇರುತ್ತದೆ. ಇದಕ್ಕಿಂತ ತೀರ ಗಿಡ್ಡ ಅಥವಾ ತೀರ ಉದ್ದದ ಸ್ಟೆಮ್ ಬೇಕೆನಿಸಿದರೆ ಫ್ರೇಮಿನ ಗಾತ್ರವೇ ತಪ್ಪು. ಎರಡು ಗಾತ್ರಗಳ ನಡುವೆ ಅಳತೆ ಬಂದರೆ ನಾನು ಚಿಕ್ಕದನ್ನೇ ಆರಿಸುತ್ತೇನೆ, ಏಕೆಂದರೆ ಚಿಕ್ಕ ಫ್ರೇಮಿಗೆ ಉದ್ದದ ಸ್ಟೆಮ್ ಹಾಕಿದರೂ ಸೈಕಲ್ ಹಿಡಿತದಲ್ಲಿರುತ್ತದೆ; ಆದರೆ ಬೆನ್ನು ಹೆಚ್ಚು ಬಾಗದವರಿಗೆ ಹ್ಯಾಂಡಲ್ ತಗ್ಗಾಗುವ ಆ ಆಯ್ಕೆ ಸರಿಹೋಗದು. ಹ್ಯಾಂಡಲಿನ ಅಗಲ ಭುಜದ ಎರಡು ಮೂಳೆಗಳ ನಡುವಿನ ಅಂತರಕ್ಕೆ ಹೊಂದಿದರೆ ಸಾಕು.

ಕೊಳ್ಳುವ ದಿನವೇ ಸ್ಟೆಮ್ ಬದಲಿಸಿಕೊಡುತ್ತಾರೆಯೇ ಎಂದು ಕೇಳಿ, ಅರ್ಧ ಗಂಟೆಯಾದರೂ ಓಡಿಸಿ ನೋಡಿ. ಫೋರ್ಕಿನ ಮೇಲ್ಗಡೆಯ ಸ್ಟೀರರ್ ಪೈಪನ್ನು ಅಂದವಾಗಿ ಕಾಣಲೆಂದು ಅಂದೇ ಕತ್ತರಿಸಲು ಒಪ್ಪಬೇಡಿ. ಕಂಪನಿ ಹೇಳಿರುವ ಮಿತಿಯೊಳಗೆ ಸ್ಪೇಸರ್‌ಗಳನ್ನು ಇಟ್ಟುಕೊಂಡು ಕೆಲವು ನೂರು ಕಿಲೋಮೀಟರ್ ತುಳಿದ ಮೇಲೆ, ಹ್ಯಾಂಡಲಿನ ಎತ್ತರ ಮೈಗೆ ಒಗ್ಗಿದೆ ಎಂದು ಖಚಿತವಾದಾಗ ಮಾತ್ರ ಕತ್ತರಿಸಿ.